ಕಿವಿಯ ಓನರ್

ಹೇಮಾಕ್ಷಿಯ ಕಿವಿ ತುಷಾರನ ಮೊಬೈಲಿನೊಳಗೆ ಇತ್ತು. ಒಂಬತ್ತು ತಿಂಗಳು ಅಲ್ಲಿಯೇ ಇತ್ತು. ನಲವತ್ತೇಳು ವರ್ಷದ ಹೆಂಗಸು ಎಷ್ಟು ಕೇಳಬೇಕು, ಏನನ್ನು ಕೇಳಬಾರದು ಎಂಬುದನ್ನು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತ ಸಣ್ಣ ಧಣಿ ಹೆಬ್ಬೆರಳು ಸವರಿ ತೀರ್ಮಾನಿಸುತ್ತಿದ್ದ.

ಆ ಹೋಟೆಲಿನ ಹಿಂದಿನ ಅಡುಗೆಕೋಣೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ದುಡಿದಿದ್ದಳು. ಬೆಳಿಗ್ಗೆ ಐದಕ್ಕೆ ಕುಲಶೇಖರದಿಂದ ನಡೆದು ಬರುವುದು. ಅಕ್ಕಿ ತೊಳೆಯುವುದು, ಗ್ರೈಂಡರಿಗೆ ಸುರಿಯುವುದು, ಹಿಟ್ಟು ತೋಡುವುದು. ಮೂರು ಗ್ರೈಂಡರು, ಒಂದು ಎಕ್ಸಾಸ್ಟ್ ಫ್ಯಾನು, ಕಿಟಕಿಯಿಲ್ಲದ ಕೋಣೆ. ಮನೆಗೆ ಹೋಗಿ ಮಲಗಿದರೂ ತಲೆಯೊಳಗೆ ಕಲ್ಲು ತಿರುಗುತ್ತಿತ್ತು. ಸೊಂಟ ಮೊದಲು ಹೋಯಿತು. ಆಮೇಲೆ ಉಗುರು. ಕಿವಿ ಹೋದದ್ದು ಗೊತ್ತಾಗಲೇ ಇಲ್ಲ.

ಅಲ್ಲ, ಗೊತ್ತಾಗಿತ್ತು. ಕಾವಲಿ ಹೇಳಿತ್ತು.

ನೀರುದೋಸೆಗೆ ಕಣ್ಣು ಸಾಲುವುದಿಲ್ಲ. ಕಾವಲಿ ಕಾದದ್ದು ಸಾಲದಿದ್ದರೆ ಹಿಟ್ಟು ಅಂಟಿಕೊಂಡು ಕೂರುತ್ತದೆ, ಹೆಚ್ಚಾದರೆ ಸಿಡಿದು ಚೂರಾಗುತ್ತದೆ. ಹದಕ್ಕೆ ಕಾದ ಕಾವಲಿಗೆ ಹಿಟ್ಟು ಬಿದ್ದಾಗ ಚೊಂಯ್ ಎಂದು ಒಂದು ಸದ್ದು ಬರುತ್ತದೆ. ಅದರ ಕೊನೆಯಲ್ಲಿ ಹೊಸ ಬಟ್ಟೆ ಹರಿದ ಹಾಗೆ ಒಂದು ಸಣ್ಣ ಎಳೆ. ಆ ಎಳೆ ಕೇಳಿದರೆ ದೋಸೆ ಏಳುತ್ತದೆ, ಕೇಳದಿದ್ದರೆ ಇಲ್ಲ. ಬೆನ್ನು ಹಾಕಿ ಕಾಯಿ ತುರಿಯುತ್ತ ನಿಂತರೂ ಪಕ್ಕದವಳು ಹೊಯ್ದ ದೋಸೆ ಏಳುತ್ತದೋ ಇಲ್ಲವೋ ಎಂದು ಹೇಮಾಕ್ಷಿ ಹೇಳುತ್ತಿದ್ದಳು. ಕಿವಿ ಕೆಡುವಾಗ ಮೊದಲು ಹೋದದ್ದು ಆ ಎಳೆಯೇ. ಆಮೇಲೆ ಮಗಳ ಸ್ವರ, ಕುಕ್ಕರಿನ ವಿಶಲ್, ಹಿಂದಿನಿಂದ ಬರುವ ಬಸ್ಸು. ಸಪ್ಲಾಯರುಗಳು ಕಿಂಡಿಯಲ್ಲಿ ಆರು ಪ್ಲೇಟು ಎಂದು ಕೂಗಿದರೆ ಇವಳು ಮೂರು ಕೊಡುತ್ತಿದ್ದಳು. "ಕೆಪ್ಪಿ" ಎಂದು ಅವರು ಬೈಯುತ್ತಿದ್ದರು. ಅದೂ ಅವಳಿಗೆ ಕೇಳುತ್ತಿರಲಿಲ್ಲ. ಬಾಯಿ ನೋಡಿದರೆ ಗೊತ್ತಾಗುತ್ತಿತ್ತು.

ಹೋಟೆಲಿಗೆ ನಲವತ್ತು ವರ್ಷ ತುಂಬಿದಾಗ ಸನ್ಮಾನ ಇಟ್ಟರು. ಅವಳಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ತುಷಾರ್ ಒಂದು ಬಿಳಿ ಪೆಟ್ಟಿಗೆ ಬಿಚ್ಚಿದ. ಒಳಗೆ ಎರಡು ಕಿವಿಯ ಮಿಷನು, ಹುಣಸೆ ಬೀಜದಷ್ಟು. ಕಂಪೆನಿಯವರು ಮೊದಲೇ ಬಂದು ಅವಳ ಕಿವಿಯೊಳಗೆ ಹಿಟ್ಟಿನಂಥದ್ದು ತುಂಬಿ ಅಚ್ಚು ತೆಗೆದುಕೊಂಡು ಹೋಗಿದ್ದರು. ಅವಳ ಕಿವಿಯ ತಿರುವಿಗೆ ಸರಿಯಾಗಿ ಮಾಡಿದ್ದು. ಹೊರದೇಶದ ಮಾಲು. ಅದೇ ಕಂಪೆನಿಯ ಮೊಬೈಲಿಗೆ ಮಾತ್ರ ಸೇರುತ್ತದೆ, ಅದೇ ಕಂಪೆನಿಯ ಡಬ್ಬಿಯಲ್ಲಿ ಮಾತ್ರ ಚಾರ್ಜು ಆಗುತ್ತದೆ.

"ಅಕೌಂಟ್ ಯಾರ ಹೆಸರಿಗೆ ಸರ್?" ಎಂದು ಕಂಪೆನಿಯವನು ಕೇಳಿದ.

"ನನ್ನದೇ ಹಾಕಿ ಮಾರಾಯ್ರೆ," ಎಂದ ತುಷಾರ್. "ಹೇಮಕ್ಕನ ಮೊಬೈಲಿಗೆ ಟಾರ್ಚ್ ಇರುವುದೇ ದೊಡ್ಡದು."

ಎಲ್ಲರೂ ನಕ್ಕರು. ಹೇಮಾಕ್ಷಿಯೂ ನಕ್ಕಳು. ಅವಳು ಮಾಡಿದ ತಪ್ಪು ಎಂದು ಒಂದಿದ್ದರೆ ಆ ನಗು.

ಕಿವಿಗೆ ಹಾಕಿದಾಗ ಜಗತ್ತು ಒಮ್ಮೆಗೇ ಒಳಗೆ ನುಗ್ಗಿತು. ಚಪ್ಪಾಳೆ ಸಿಡಿಲಿನ ಹಾಗೆ ಕೇಳಿತು. ಮಗಳು ಪ್ರಾಪ್ತಿ "ಅಮ್ಮ" ಎಂದಳು. ಹುಡುಗಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ, ಅವಳ ಸ್ವರ ಇಷ್ಟು ದಪ್ಪ ಆದದ್ದು ಯಾವಾಗ ಎಂದು ತಾಯಿಗೆ ಗೊತ್ತಿರಲಿಲ್ಲ. ಅತ್ತಳು. ಅದನ್ನು ಫೋಟೋ ತೆಗೆದು ಹೋಟೆಲಿನ ಪೇಜಿಗೆ ಹಾಕಿದರು.

ಮರುದಿನ ಕಾವಲಿಯ ಮುಂದೆ ನಿಂತು ಹಿಟ್ಟು ಹೊಯ್ದಳು. ಸದ್ದಿಲ್ಲ.

ಮತ್ತೊಮ್ಮೆ ಹೊಯ್ದಳು. ಕಿಂಡಿಯ ಆಚೆ ಯಾರೋ ಲೋಟ ಇಟ್ಟದ್ದು ಕೇಳುತ್ತದೆ, ಕ್ಯಾಶಿನಲ್ಲಿ ಮಾತಾಡುವುದು ಕೇಳುತ್ತದೆ. ಕಣ್ಣೆದುರು ಹಿಟ್ಟು ಕುದಿದು ತೂತು ತೂತಾಗುತ್ತಿದೆ, ಆದರೆ ಕಾವಲಿ ಮಾತ್ರ ಬಾಯಿ ಮುಚ್ಚಿಕೊಂಡಿದೆ. ಮೂರು ದೋಸೆ ಹಾಳಾಯಿತು.

ಸಂಜೆ ಪ್ರಾಪ್ತಿ ಮೊಬೈಲಿನಲ್ಲಿ ಹುಡುಕಿ ಓದಿದಳು. "ಅಮ್ಮ, ಯಾವುದನ್ನು ಗದ್ದಲ ಅಂತ ತಿಳ್ಕೊಳ್ತದೋ ಅದನ್ನು ಅದೇ ಕಟ್ ಮಾಡ್ತದೆ."

"ಕಾವಲಿ ಗದ್ದಲವಾ?"

"ಅದನ್ನು ಮಾಡಿದವರಿಗೆ ಹಾಗೆ."

"ದೋಸೆ ಹೊಯ್ದದ್ದುಂಟಾ ಅವರು?"

ಗ್ರೈಂಡರಿನ ಸದ್ದೂ ಹೋಗಿತ್ತು. ಇಪ್ಪತ್ತೆರಡು ವರ್ಷದ ಮೇಲೆ ಗ್ರೈಂಡರು ಸುಮ್ಮನಾಯಿತು, ಹೋಗುವಾಗ ಕಾವಲಿಯನ್ನೂ ಕರೆದುಕೊಂಡು ಹೋಯಿತು. ಗದ್ದಲ ಕಟ್ ಮಾಡುವುದು ಬೇಡದಿದ್ದರೆ ಅದನ್ನು ಆಫ್ ಮಾಡಬಹುದು. ಆದರೆ ಆಫ್ ಮಾಡುವುದು ಮೊಬೈಲಿನಲ್ಲಿ. ಮೊಬೈಲು ತುಷಾರನ ಕೈಯಲ್ಲಿ. ಮಿಷನನ್ನು ಡಬ್ಬಿಗೆ ಹಾಕಿ ತೆಗೆದರೆ ಮಾಡಿದ್ದೆಲ್ಲ ಮೊದಲಿನ ಹಾಗೆ. ಹಾಗಾಗಿ ದಿನಾ ಕೇಳಬೇಕು.

ತುಷಾರ್ ಬರುವುದು ಒಂಬತ್ತಕ್ಕೆ. ದೋಸೆ ಶುರುವಾಗುವುದು ಆರಕ್ಕೆ. ಮೂರು ಗಂಟೆ ಅವಳು ಮೂಕ ಕಾವಲಿಯ ಮುಂದೆ ಬೆವರುತ್ತಿದ್ದಳು. ಒಂಬತ್ತಾದ ಮೇಲೆ ಕೈ ಸೆರಗಿಗೆ ಒರೆಸಿಕೊಂಡು ಕೌಂಟರಿನ ಹತ್ತಿರ ಹೋಗಿ ನಿಲ್ಲುವುದು. ಗಿರಾಕಿಗಳು ಬಿಲ್ಲು ಕೊಟ್ಟು ಹೋಗುವ ತನಕ ಕಾಯುವುದು.

"ಸಣ್ಣ ಧಣಿ, ಅದೊಂದು ತೆಗೀರಿ."

"ಯಾವುದು ಹೇಮಕ್ಕ?"

"ಗದ್ದಲದ್ದು."

"ಓ, ಕಿವಿ ರಿಪೇರಿ." ಅರ್ಧಂಬರ್ಧ ಹೆಬ್ಬೆರಳು ಸವರುತ್ತಿದ್ದ, ಕಾವಲಿ ಅರೆಬರೆ ಕೇಳುತ್ತಿತ್ತು. ಕೆಲವು ದಿನ ಸವರುತ್ತಿರಲಿಲ್ಲ. ಕೆಲವು ದಿನ ಅವನು ಬರುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಅವನ ಗೆಳೆಯರು ಬಂದಿದ್ದರು. ಕೋರಿ ಸುಕ್ಕ, ನೀರುದೋಸೆ. ಹೇಮಾಕ್ಷಿ ಬಿಸಿ ದೋಸೆ ತಂದಾಗ ಅವನು, "ಹೇಮಕ್ಕ, ನಿಲ್ಲಿ ಸ್ವಲ್ಪ," ಎಂದ. ಅವರ ಕಡೆ ತಿರುಗಿ, "ನೋಡು, ಮ್ಯಾಜಿಕ್," ಎಂದ. ಮೊಬೈಲಿನ ಮೇಲೆ ಬೆರಳು ಕೆಳಗೆ ಎಳೆದ.

ಅಂಗಡಿ, ರಸ್ತೆ, ಪಾತ್ರೆ, ಎಲ್ಲ ಬಾವಿಗೆ ಬಿದ್ದ ಹಾಗಾಯಿತು. ನಾಲ್ಕು ಬಾಯಿ ತೆರೆದು ಮುಚ್ಚಿದವು. ಒಬ್ಬ ಅವಳ ಮುಖ ನೋಡುತ್ತಲೇ ಏನೋ ಕೇಳಿದ. ಉಳಿದವರು ಮೇಜು ಬಡಿದು ನಕ್ಕರು. ಅವಳು ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತು ಎಂದು ಅವಳಿಗೆ ಗೊತ್ತಿಲ್ಲ. ದೋಸೆ ತಣ್ಣಗಾಗುವಷ್ಟು ಹೊತ್ತು. ಆಮೇಲೆ ಬೆರಳು ಮೇಲೆ ಹೋಯಿತು. "ಬಂತಾ ಕಿವಿ?" ಎಂದು ಅವನು ಕೇಳಿದ್ದು ಕೇಳಿತು.

"ಬಂತು," ಎಂದಳು.

ಅವಳ ಅಪ್ಪ ನೋಣಯ್ಯ ತುಷಾರನ ಮನೆಯವರ ಗದ್ದೆಯಲ್ಲಿ ಗೇಣಿಗಿದ್ದವನು. ಧಣಿಯ ಜಗಲಿಯ ಕೆಳಗೆ ನಿಂತೇ ಮಾತಾಡಿದವನು. ಉಳುವವನಿಗೇ ಭೂಮಿ ಎಂದು ಸರಕಾರ ಕಾನೂನು ತಂದಾಗ ಊರಿಡೀ ಹೆದರಿ ಕೂತಿತ್ತು, ನೋಣಯ್ಯ ಹೋಗಿ ಡಿಕ್ಲರೇಶನ್ ಕೊಟ್ಟ. ಟ್ರಿಬ್ಯುನಲಿನಲ್ಲಿ ಧಣಿಯ ವಕೀಲ, "ನೀನು ಉಳುವುದಕ್ಕೆ ಸಾಕ್ಷಿ ಎಂತ ಉಂಟು?" ಎಂದು ಕೇಳಿದ್ದನಂತೆ. ನೋಣಯ್ಯ ಅಂಗಾಲು ತೋರಿಸಿದ್ದನಂತೆ. ಸಾಯುವ ತನಕ ಆ ಕಥೆ ಹೇಳುತ್ತಿದ್ದ. ಆ ರಾತ್ರಿ ಹೇಮಾಕ್ಷಿ ಮಿಷನು ತೆಗೆದು ಡಬ್ಬಿಯಲ್ಲಿಟ್ಟು, ಅದರ ಹಸಿರು ದೀಪ ನೋಡುತ್ತ ಕೂತಳು. ಗದ್ದೆಗಾದರೆ ಒಂದು ಆಫೀಸು ಇತ್ತು. ಕಿವಿಗೆ ಎಲ್ಲಿ ಡಿಕ್ಲರೇಶನ್ ಕೊಡುವುದು?

ಬಿಕರ್ನಕಟ್ಟೆಯ ಮಗ್ದಲೀನ್ ಬಾಯಿ ಹಳೆಯ ಪರಿಚಯ. ಒಂದು ಕಾಲದಲ್ಲಿ ಇದೇ ಅಡುಗೆಕೋಣೆಯಲ್ಲಿ ಮೀನು ಹುರಿಯುತ್ತಿದ್ದವಳು. ಬಾಲಯೇಸುವಿನ ಕ್ಷೇತ್ರಕ್ಕೆ ಬರುವವರು ಅವಳ ಮನೆಯ ಎದುರಿನಿಂದಲೇ ಹೋಗಬೇಕು. ಅವಳು ಹೇಮಾಕ್ಷಿಯನ್ನು ಕರೆದು ತನ್ನ ಜಗಲಿ ತೋರಿಸಿದಳು.

"ಇಲ್ಲಿ ಒಲೆ ಹಾಕುವಾ ಹೇಮಾ. ಮೀನು ನಾನು, ದೋಸೆ ನೀನು. ಆ ಗ್ರೈಂಡರಿಗೆ ಇನ್ನೂ ಎಂತ ಕೊಡ್ಲಿಕ್ಕೆ ಉಂಟು ನಿನ್ನಲ್ಲಿ? ಕಿವಿ ಕೊಟ್ಟಾಯ್ತು."

ಹೇಮಾಕ್ಷಿ ಮರುದಿನವೇ ತುಷಾರನಿಗೆ ಹೇಳಿದಳು. ತಿಂಗಳ ಕೊನೆಗೆ ಬಿಡುತ್ತೇನೆ ಎಂದಳು. ಅವನು ಬೈಯಲಿಲ್ಲ, ಕಾರಣವೂ ಕೇಳಲಿಲ್ಲ. "ಆಯ್ತು ಹೇಮಕ್ಕ, ನಿಮ್ಮ ಇಷ್ಟ," ಎಂದ. ಮೊಬೈಲು ನೋಡುತ್ತಿದ್ದ.

ತಿಂಗಳ ಕೊನೆಯ ಮರುದಿನ ಬೆಳಿಗ್ಗೆ ಮಿಷನು ಹಾಕಿಕೊಂಡಾಗ ಏನೂ ಕೇಳಲಿಲ್ಲ. ಮೂರು ಸಲ ಬೀಪ್ ಎಂದಿತು. ಆಮೇಲೆ ಕಿವಿಯೊಳಗೆ ಒಬ್ಬಳು ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿದಳು. ಬಹಳ ಮರ್ಯಾದೆಯ ಸ್ವರ. ಅರ್ಧ ನಿಮಿಷ ಬಿಟ್ಟು ಅದನ್ನೇ ಹೇಳಿದಳು. ಮತ್ತೆ ಅದನ್ನೇ. ಮಗಳ ಕೈ ಹಿಡಿದು ಹೇಮಾಕ್ಷಿ ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸಿದಳು. "ಲಾಕ್ ಅಂತ ಹೇಳ್ತಾಳೆ. ಕಾಂಟ್ಯಾಕ್ಟ್ ಅಂತ ಹೇಳ್ತಾಳೆ. ಓನರ್ ಅಂತ ಹೇಳ್ತಾಳೆ."

ಪ್ರಾಪ್ತಿಯ ಮುಖ ಕೆಂಪಾಯಿತು. "ಲಾಕ್ ಮಾಡಿದ್ದಾನೆ ಅಮ್ಮ. ಕಳವಾದ ಮಾಲಿಗೆ ಮಾಡುವ ಹಾಗೆ."

ತಾಯಿಯೂ ಮಗಳೂ ಕಂಪೆನಿಯ ಸೆಂಟರಿಗೆ ಹೋದರು. ಗಾಜಿನ ಬಾಗಿಲು, ತಣ್ಣಗಿನ ಗಾಳಿ, ಗೋಡೆಯ ಮೇಲೆ ನಗುವ ಮುದುಕರ ಫೋಟೋ. ಕೌಂಟರಿನಲ್ಲಿ ಆನ್ಸಿ ಎಂದು ಹೆಸರಿನ ಪಟ್ಟಿ ಹಾಕಿಕೊಂಡ ಹುಡುಗಿ. ಅವಳು ಹೇಮಾಕ್ಷಿಯನ್ನು ಒಮ್ಮೆ ನೋಡಿ, ಮಾತನ್ನೆಲ್ಲ ಪ್ರಾಪ್ತಿಯ ಹತ್ತಿರ ಆಡಿದಳು. ಪ್ರಾಪ್ತಿ ಪ್ರತಿಯೊಂದನ್ನೂ ತಾಯಿಯ ಕಿವಿಗೆ ಬಾಯಿಟ್ಟು ಕೂಗಿ ಹೇಳಬೇಕಾಯಿತು. ಸೋಫಾದಲ್ಲಿದ್ದವರು ತಿರುಗಿ ನೋಡಿದರು.

"ಓನರಿನ ನಂಬರಿಗೆ ಒಟಿಪಿ ಹೋಗ್ತದೆ. ಅವರು ಹೇಳಿದರೆ ಈಗಲೇ ಬಿಡಿಸಿ ಕೊಡ್ತೇವೆ."

"ಅವ ಹೇಳುವುದಿಲ್ಲ," ಎಂದಳು ಪ್ರಾಪ್ತಿ.

"ಹಾಗಾದ್ರೆ ನಮ್ಮಲ್ಲಿ ಆಪ್ಷನ್ ಇಲ್ಲ. ಹೊಸತು ತಗೊಂಡರೆ ಎಕ್ಸ್‌ಚೇಂಜ್ ಆಫರ್ ಉಂಟು. ಆದರೆ ಹಳತನ್ನು ಎಕ್ಸ್‌ಚೇಂಜಿಗೆ ಹಾಕ್ಲಿಕ್ಕೂ ಓನರಿನ ಒಟಿಪಿ ಬೇಕು."

ಹೇಮಾಕ್ಷಿ ಕಿವಿಯಿಂದ ಮಿಷನು ತೆಗೆದು ಗಾಜಿನ ಮೇಲೆ ಇಟ್ಟಳು. ತನ್ನ ಸ್ವರ ಎಷ್ಟು ದೊಡ್ಡದು ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಇಡೀ ಸೆಂಟರಿಗೆ ಕೇಳಿತು.

"ಇದು ನನ್ನ ಕಿವಿಯ ಅಚ್ಚಲ್ಲವಾ?"

ಆನ್ಸಿ ಹೌದೆಂದು ತಲೆಯಾಡಿಸಿದಳು.

"ಬೇರೆ ಯಾರ ಕಿವಿಗಾದರೂ ಹಿಡೀತದಾ?"

ಇಲ್ಲ ಎಂದು ತಲೆಯಾಡಿಸಿದಳು.

"ಮತ್ತೆ ಬೇರೆಯವರದ್ದು ಹೇಗೆ ಆಯ್ತು?"

ಆನ್ಸಿ ಮೊದಲ ಸಲ ಅವಳ ಕಣ್ಣು ನೋಡಿದಳು. ಒಂದು ಕಾಗದದಲ್ಲಿ ಬರೆದು ಈಚೆ ತಳ್ಳಿದಳು. ಸಿಸ್ಟಮ್ ಹಾಗೆ ಉಂಟು ಆಂಟಿ. ನನಗೂ ಗೊತ್ತಿಲ್ಲ. ಹೊರಡುವಾಗ ಪ್ರಾಪ್ತಿಯ ನಂಬರು ಬರೆದುಕೊಂಡಳು, ಅದು ರೂಲ್ ಅಂತೆ.

ಸ್ಟೇಟ್‌ಬ್ಯಾಂಕಿನ ಹತ್ತಿರದ ಓಣಿಯಲ್ಲಿ ಇರ್ವಿನ್ ಎಂಬವರ ಸಣ್ಣ ಅಂಗಡಿ ಇತ್ತು. ಕಿವಿಯ ಮಿಷನು ರಿಪೇರಿ ಮಾಡುತ್ತ ಕೂದಲು ಹಣ್ಣಾದವರು. ಮಿಷನನ್ನು ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿದರು, ವೈರು ಸಿಕ್ಕಿಸಿ ಕಂಪ್ಯೂಟರಿಗೆ ಹಾಕಿದರು. ಅರ್ಧ ಗಂಟೆ ಒದ್ದಾಡಿದರು.

"ಎಂತ ಪೊರ್ಬುಗಳೇ?" ಎಂದಳು ಹೇಮಾಕ್ಷಿ, ಊರಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಕರೆಯುವ ಹಾಗೆ.

"ಮಿಷನ್ ಒಳ್ಳೇದುಂಟು," ಎಂದು ಅವರು ಜೋರಾಗಿ ಹೇಳಿದರು. "ಬೀಗ ಅದಕ್ಕಿಂತ ಒಳ್ಳೇದುಂಟು. ಮೊದಲೆಲ್ಲ ಒಂದು ಸ್ಕ್ರೂ ಇರ್ತಿತ್ತು, ತಿರುಗಿಸಿದ್ರೆ ಸೌಂಡ್ ಹೆಚ್ಚಾಗ್ತಿತ್ತು. ಯಾರು ಬೇಕಾದ್ರೂ ತಿರುಗಿಸಬಹುದಿತ್ತು, ನಾನೂ, ನೀವೂ. ಈಗ ಸ್ಕ್ರೂ ಅವರ ಆಫೀಸಿನಲ್ಲಿ ಉಂಟು. ನಾನು ಇದನ್ನು ಒಡೆದು ಹಾಕಬಹುದು ಅಷ್ಟೆ, ಬಿಡಿಸ್ಲಿಕ್ಕೆ ಆಗುವುದಿಲ್ಲ." ಏನೂ ತೆಗೆದುಕೊಳ್ಳಲಿಲ್ಲ. ಮಿಷನನ್ನು ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ನಾಲ್ಕನೆಯ ದಿನ ತುಷಾರ್ ಪ್ರಾಪ್ತಿಗೆ ಫೋನು ಮಾಡಿದ. ಆದಿತ್ಯವಾರ ತೊಕ್ಕೊಟ್ಟಿನಲ್ಲಿ ಹೊಸ ಬ್ರಾಂಚ್ ಓಪನಿಂಗ್, ಅಮ್ಮನನ್ನು ಕರ್ಕೊಂಡು ಬಾ, ಅಲ್ಲಿಯೇ ಎಲ್ಲ ಸರಿ ಮಾಡುವಾ ಎಂದ.

ಹೋದರು. ನೇತ್ರಾವತಿ ಸೇತುವೆ ದಾಟುವ ತನಕ ಕಿವಿಯೊಳಗಿನ ಹೆಂಗಸು ಓನರ್ ಓನರ್ ಎನ್ನುತ್ತಲೇ ಇದ್ದಳು. ಡಬ್ಬಿಯಲ್ಲಿಡು ಎಂದು ಪ್ರಾಪ್ತಿ ಸನ್ನೆ ಮಾಡಿದಳು. ಹೇಮಾಕ್ಷಿ ತೆಗೆಯಲಿಲ್ಲ. "ಕೇಳ್ಲಿ. ಎಷ್ಟು ಸಲ ಹೇಳ್ತಾಳೆ ನೋಡುವಾ," ಎಂದಳು.

ಹೊಸ ಹೋಟೆಲಿನ ಎದುರು ಭಾಗದಲ್ಲೇ ಗಾಜಿನ ಹಿಂದೆ ಒಲೆ. ಲೈವ್ ಕೌಂಟರ್ ಅಂತೆ, ದೋಸೆ ಹೊಯ್ಯುವುದು ಗಿರಾಕಿಗಳಿಗೆ ಕಾಣಬೇಕಂತೆ. ಕಾದ ಕಾವಲಿ, ಹಿಟ್ಟಿನ ಪಾತ್ರೆ, ತೆಂಗಿನ ಗೆರಟೆಯ ಸೌಟು ತಯಾರಿತ್ತು. ಅವಳ ಅಳತೆಯ ಒಂದು ಕೆಂಪು ಏಪ್ರನ್ ಕೂಡ. ತುಷಾರ್ ನೆಂಟರ ನಡುವಿನಿಂದ ಎದ್ದು ಬಂದು ಮೊಬೈಲು ತೆಗೆದ. ಹೆಬ್ಬೆರಳು ಇಟ್ಟ.

ತೊಕ್ಕೊಟ್ಟು ಕಿವಿಯೊಳಗೆ ಬಂತು. ಬಸ್ಸಿನ ಹಾರನು, ಮೀನು ಮಾರುವವರು, ಮಕ್ಕಳು.

"ಗದ್ದಲದ್ದೂ ತೆಗೆದಿದ್ದೇನೆ ಹೇಮಕ್ಕ. ಹೊಯ್ಯಿರಿ ಒಂದು."

ಕೈ ತಾನಾಗಿಯೇ ಸೌಟಿಗೆ ಹೋಯಿತು. ಹಿಟ್ಟು ಬಿತ್ತು. ಚೊಂಯ್. ಅದರ ಕೊನೆಯಲ್ಲಿ ಆ ಸಣ್ಣ ಎಳೆ.

ಇನ್ನೊಂದು ಹೊಯ್ದಳು. ಮತ್ತೊಂದು. ಒಂಬತ್ತು ತಿಂಗಳಲ್ಲಿ ಒಂದು ದಿನವೂ ಇಷ್ಟು ಸ್ಪಷ್ಟ ಕೇಳಿರಲಿಲ್ಲ. ಅವನಿಗೆ ಯಾವತ್ತೂ ಸಾಧ್ಯವಿತ್ತು. ದಿನಾ ಸಾಧ್ಯವಿತ್ತು.

"ಸಾಕಾ?" ಎಂದ ತುಷಾರ್. "ಒಂದು ವರ್ಷ ಇಲ್ಲಿ ನಿಲ್ಲಿ. ವರ್ಷ ಆದ ಮೇಲೆ ನಿಮ್ಮ ಹೆಸರಿಗೆ ಮಾಡಿ ಕೊಡ್ತೇನೆ. ನಾನು ಕೆಟ್ಟವನಲ್ಲ. ನೀವು ಆ ಮಗ್ದಲೀನ್ ಬಾಯಿಯ ಜಗಲಿಯಲ್ಲಿ ಕೂತರೆ ನಿಮ್ಮ ಕಿವಿ ನೋಡಿಕೊಳ್ಳುವವರು ಯಾರು?"

ನೆಂಟರು ನೋಡುತ್ತಿದ್ದರು. ಏಪ್ರನ್ ಒಲೆಯ ಪಕ್ಕದಲ್ಲಿತ್ತು. ಹೇಮಾಕ್ಷಿ ಕೊನೆಯ ದೋಸೆಯನ್ನು ನಾಲ್ಕು ಮಡಿಸಿ ಬಾಳೆಲೆಯಲ್ಲಿ ಇಟ್ಟಳು. ಒಲೆ ಆರಿಸಿದಳು. ಕಾವಲಿ ತಣಿಯುವ ಸದ್ದನ್ನು ಪೂರ್ತಿ ಕೇಳಿದಳು. ಟಿಕ್, ಟಿಕ್, ಆಮೇಲೆ ನಿಂತಿತು.

"ಸಣ್ಣ ಧಣಿ, ಇದರ ಓನರ್ ನೀವಲ್ಲವಾ?"

"ಪೇಪರ್ ಪ್ರಕಾರ ಹೌದು."

ಅವಳು ಎರಡೂ ಮಿಷನು ತೆಗೆದು ಅಂಗೈಯಲ್ಲಿಟ್ಟು ಚಾಚಿದಳು. ಲೋಕ ಮತ್ತೆ ಬಾವಿಗೆ ಬಿತ್ತು. ಇನ್ನು ಅವಳ ಮಾತು ಅವಳಿಗೇ ಕೇಳುತ್ತಿರಲಿಲ್ಲ.

"ಹಾಕಿ ನೋಡಿ."

ತುಷಾರನ ಬಾಯಿ ನಕ್ಕಿತು.

"ನಿಮ್ಮದಲ್ಲವಾ. ಹಾಕಿ."

ಅವನು ಸುತ್ತ ನೋಡಿದ. ತಮಾಷೆಯೆಂಬಂತೆ ಒಂದನ್ನು ಎತ್ತಿ ಕಿವಿಯ ಹತ್ತಿರ ಒಯ್ದ. ಅಚ್ಚಿನ ತುದಿಯಲ್ಲಿ ಅವಳ ಕಿವಿಯ ಗುಗ್ಗೆ ಅಂಟಿತ್ತು, ಹಳದಿ, ಬೆಚ್ಚಗೆ. ಅವನು ಅದನ್ನು ನೋಡಿದ. ಕೈ ತಟ್ಟನೆ ಕೆಳಗೆ ಬಂತು. ಮಿಷನು ದೋಸೆಯ ಮೇಲೆ ಬಿತ್ತು. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಒಮ್ಮೆ ಅಲ್ಲ, ಮೂರು ಸಲ.

ಹೇಮಾಕ್ಷಿ ಆ ಬೆರಳನ್ನೇ ನೋಡಿದಳು. ಅವಳ ಕಿವಿಯನ್ನು ಒಂಬತ್ತು ತಿಂಗಳು ಸವರಿದ ಬೆರಳು ಅದು.

"ಅಪ್ಪನ ಅಂಗಾಲು ನೋಡಿ ನಿಮ್ಮ ಅಜ್ಜ ಹೀಗೆಯೇ ಮುಖ ತಿರುಗಿಸಿದ್ದರಂತೆ," ಎಂದಳು. "ಗದ್ದೆ ಮಾತ್ರ ಅಪ್ಪನಿಗೆ ಬಿಡಬೇಕಾಯ್ತು." ಇನ್ನೊಂದು ಮಿಷನನ್ನೂ ಎಲೆಯ ಮೇಲೆ, ಚಟ್ನಿ ಬಡಿಸುವ ಜಾಗದಲ್ಲಿ ಇಟ್ಟಳು. "ಬಡಿಸಿದ್ದೇನೆ. ತಿನ್ನಿ."

ಹೊರಟಳು. ಪ್ರಾಪ್ತಿ ಹಿಂದಿನಿಂದ ಓಡಿ ಬಂದು ಕೈ ಹಿಡಿದಳು. ತುಷಾರ್ ಏನಾದರೂ ಕೂಗಿರಬೇಕು, ರಸ್ತೆಯವರೆಲ್ಲ ತಿರುಗಿ ನೋಡಿದರು. ಹೇಮಾಕ್ಷಿ ಬಸ್ಸು ಎಲ್ಲಿ ಉಂಟು ಎಂದು ನೋಡಿದಳು. ಹಾರನು ಕೇಳದವಳು ರಸ್ತೆ ದಾಟುವಾಗ ಎರಡೂ ಕಡೆ ನಾಲ್ಕು ಸಲ ನೋಡಬೇಕು.

ಮಗ್ದಲೀನ್ ಬಾಯಿಯ ಜಗಲಿಯಲ್ಲಿ ಒಲೆ ಹೊತ್ತಿಸಿದ ದಿನ ಪ್ರಾರ್ಥನೆಗೆ ಬಂದವರ ಸಾಲು ಗೇಟಿನ ತನಕ ಇತ್ತು. ಹೇಮಾಕ್ಷಿ ಮೊದಲ ದೋಸೆ ಹೊಯ್ದಳು. ಅಂಟಿತು. ಕೆರೆದು ಬಿಸಾಡಿದಳು. ಎರಡನೆಯದು ಸಿಡಿದು ಹರಿಯಿತು. ಸಾಲಿನಲ್ಲಿ ಯಾರೋ ಗಡಿಯಾರ ನೋಡಿದರು. ಪ್ರಾಪ್ತಿಯ ಮೊಬೈಲು ಬೆಳಗಿತು. ಅವಳು ಓದಿ ಮುಖ ಸಣ್ಣ ಮಾಡಿ ತಾಯಿಗೆ ತೋರಿಸಿದಳು. ಕಂಪೆನಿಯಿಂದ ಮೆಸೇಜು, ಕನ್ನಡದಲ್ಲೇ ಇತ್ತು. ನಮ್ಮ ಸೇವೆ ನಿಮಗೆ ಹೇಗೆ ಅನಿಸಿತು? ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುತ್ತೀರಿ?

ಹೇಮಾಕ್ಷಿ ಓದಿ ಮೊಬೈಲನ್ನು ಕವುಚಿ ಇಟ್ಟಳು.

ಬಳೆ ಮೇಲೆ ಸರಿಸಿ ಎಡಗೈಯ ಮಣಿಕಟ್ಟನ್ನು ಕಾವಲಿಯ ಮೇಲೆ ಹಿಡಿದಳು, ಬೆರಳಿನಷ್ಟು ಎತ್ತರದಲ್ಲಿ. ಕಾದಳು. ಚರ್ಮ ಬಿಗಿಯಿತು. ಇನ್ನೂ ಕಾದಳು. ಇಷ್ಟು ಸಾಕು ಎಂದು ಚರ್ಮ ಹೇಳಿದಾಗ ಬಲಗೈಯಲ್ಲಿ ಹಿಟ್ಟು ಹೊಯ್ದಳು. ದೋಸೆ ಅಂಚಿನಿಂದ ತಾನಾಗಿ ಎದ್ದಿತು. ಮಣಿಕಟ್ಟಿನಲ್ಲಿ ಕೆಂಪು ಗೆರೆ ಮೂಡಿ ನಿಧಾನ ಗುಳ್ಳೆಯಾಯಿತು.

ಆ ಸುಟ್ಟದ್ದಕ್ಕೆ ಯಾರ ಮೊಬೈಲಿಗೂ ಒಟಿಪಿ ಹೋಗಲಿಲ್ಲ.